ತಕ್ಕಡಿ ಸಾಹೇಬರ ಮನೆಪಾಠ

"ಈ ಊರಲ್ಲಿ ನಾನು ಪರೀಕ್ಷೆ ಮಾಡದ ತಕ್ಕಡಿ ಒಂದೇ ಒಂದು ಇದ್ರೆ ತೋರಿಸಿ, ಇವತ್ತೇ ಕೆಲಸ ಬಿಡ್ತೀನಿ!"

ಹೀಗೆಂದು ಊಟದ ಮೇಜನ್ನು ಗುದ್ದಿದವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ತರಕಾರಿ ಅಂಗಡಿಯಿಂದ ಹಿಡಿದು ಚಿನ್ನದಂಗಡಿಯವರೆಗೆ ಯಾರ ತಕ್ಕಡಿ ನೆಟ್ಟಗಿದೆ, ಯಾರದು ವಾಲುತ್ತದೆ ಎಂದು ಕಣ್ಣಳತೆಯಲ್ಲೇ ಹೇಳಿಬಿಡುವ ಗಟ್ಟಿಗರು. ಅವರು ಬೀದಿಗೆ ಕಾಲಿಟ್ಟರೆ ಸಾಕು, ತಕ್ಕಡಿಯ ತಟ್ಟೆಗಳ ಮೇಲೆ ಹಾಯಾಗಿ ಮಲಗಿದ್ದ ಹೆಬ್ಬೆರಳುಗಳೆಲ್ಲ ಎದ್ದು ಓಡುತ್ತಿದ್ದವು. ಅಂಗಡಿಯವರು ಎದುರಿಗೆ ‘ಸಾರ್’ ಎಂದೂ ಬೆನ್ನ ಹಿಂದೆ ‘ತಕ್ಕಡಿ ಸಾಹೇಬರು’ ಎಂದೂ ಕರೆಯುತ್ತಿದ್ದರು. ಸಾಹೇಬರಿಗೆ ಎರಡನೆಯದೇ ಹೆಚ್ಚು ಇಷ್ಟ.

ಆದರೆ ಆ ರಾತ್ರಿ ಊಟದ ಹೊತ್ತಿಗೆ ಎದ್ದ ಪ್ರಶ್ನೆ ತಕ್ಕಡಿಯದಲ್ಲ, ಮಗಳ ಟ್ಯೂಷನ್ನಿನದು. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಗಳು ‘ತುಲನಾತ್ಮಕ ರಾಜಕೀಯ’ ಎಂಬ ವಿಷಯದ ಮೇಲ್ಮಟ್ಟದ ತರಗತಿಯನ್ನು ಹಠ ಹಿಡಿದು ಸೇರಿಕೊಂಡಿದ್ದಳು. ಬೇರೆ ಬೇರೆ ದೇಶಗಳ ಆಡಳಿತವನ್ನು ಹೋಲಿಸಿ ನೋಡುವ ಪಾಠ ಅದು. ಕಳೆದ ಪರೀಕ್ಷೆಯಲ್ಲಿ ಮುಗ್ಗರಿಸಿದ್ದಳು. ಇನ್ನೊಮ್ಮೆ ಹೀಗಾದರೆ ಸಾಮಾನ್ಯ ತರಗತಿಗೆ ಇಳಿಸುತ್ತೇವೆಂದು ಶಾಲೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಅಂದಿನಿಂದ ಹುಡುಗಿಯ ಮುಖ ಬಾಡಿಹೋಗಿತ್ತು.

ಕೆಳಗಿನ ಮನೆಯಲ್ಲಿ ಅದೇ ವಿಷಯವನ್ನು ಕಲಿಸಿ ಕಲಿಸಿ ಪಳಗಿದ ಮೇಡಂ ಒಬ್ಬರಿದ್ದರು. ನಿವೃತ್ತರಾದ ಮೇಲೆ ಬೆರಳೆಣಿಕೆಯ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಅವರ ಹತ್ತಿರ ಒಂದೇ ಜಾಗ ಖಾಲಿ ಇತ್ತು. ಶನಿವಾರ ಸಂಜೆಯೊಳಗೆ ಹೇಳದಿದ್ದರೆ ಅದು ಬೇರೆಯವರ ಪಾಲು.

"ನಾಳೆ ಬೆಳಗ್ಗೆನೇ ಕೆಳಗೆ ಹೋಗಿ ಹ್ಞೂಂ ಅಂದ್ಬಿಡಿ" ಎಂದರು ಸಾಹೇಬರ ಹೆಂಡತಿ.

"ಯಾಕೆ, ನಾನಿಲ್ವಾ?"

"ಅದರಲ್ಲಿ ನಿಮಗೇನ್ರೀ ಗೊತ್ತು?"

"ಏನು ಗೊತ್ತಾ? ತುಲನಾತ್ಮಕ ಅಂದ್ರೇನು? ತುಲನೆ! ತುಲನೆ ಎಲ್ಲಿಂದ ಬಂತು? ತುಲಾ! ತುಲಾ ಅಂದ್ರೆ ತಕ್ಕಡಿ ಕಣೇ! ನನ್ನ ಕಸುಬನ್ನೇ ಪಾಠ ಮಾಡಿಟ್ಟಿದ್ದಾರೆ, ಅದಕ್ಕೆ ಕೆಳಮನೆಯೋರ ಬಾಗಿಲು ಕಾಯ್ಬೇಕಾ?"

"ಅಲ್ಲಿ ತೂಗೋದು ದೇಶಗಳನ್ನ. ಈರುಳ್ಳಿನಲ್ಲ."

"ತಟ್ಟೆಗೆ ಏನು ಹಾಕಿದ್ರೇನು, ಮುಳ್ಳು ಒಂದೇ!" ಎಂದು ಘೋಷಿಸಿ, ಮೇಲೆ ಹೇಳಿದ ಶಪಥವನ್ನೂ ಮಾಡಿ, ಸಾಹೇಬರು ಮೇಜು ಗುದ್ದಿದ್ದು ಆಗಲೇ. ನೀರಿನ ಲೋಟ ಉರುಳಿತು. ಮಗಳು ಬಟ್ಟೆ ತಂದು ಒರೆಸಿದಳು.

ನಿಜ ಹೇಳಬೇಕೆಂದರೆ ಸಾಹೇಬರದು ಬರೀ ಜಂಬವಲ್ಲ. ಚಿಕ್ಕವಳಿದ್ದಾಗ ಈ ಮಗಳು ಲೆಕ್ಕದ ಪುಸ್ತಕ ಹಿಡಿದುಕೊಂಡು ಅಪ್ಪ ಅಪ್ಪ ಎಂದು ಅವರ ತೊಡೆಯೇರುತ್ತಿದ್ದಳು. ದೊಡ್ಡ ತರಗತಿಗೆ ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಓದತೊಡಗಿದಳು. ಆ ಮುಚ್ಚಿದ ಬಾಗಿಲನ್ನು ಕಂಡಾಗಲೆಲ್ಲ ಅಪ್ಪನಿಗೆ ಸಂಕಟವಾಗುತ್ತಿತ್ತು. ಇನ್ನೊಂದೇ ಒಂದು ಸಲ ಅವಳು ತನ್ನ ಹತ್ತಿರ ಪಾಠ ಹೇಳಿಸಿಕೊಳ್ಳಲಿ ಎಂಬ ಆಸೆ. ಆಸೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಮೇಜಿಗೆ ಏಟು.

ಮರುದಿನ ಮೆಟ್ಟಿಲ ಮೇಲೆ ಮೇಡಂ ಎದುರಾದರು.

"ಟ್ಯೂಷನ್ನಿನ ಅಗತ್ಯ ಬೀಳಲ್ಲ ಮೇಡಂ. ಮನೇಲೇ ವ್ಯವಸ್ಥೆ ಆಯ್ತು."

"ಹೌದಾ! ಯಾರು ಹೇಳ್ಕೊಡ್ತಾರೆ?"

ಸಾಹೇಬರು ಎದೆ ಉಬ್ಬಿಸಿ ನಿಂತರು. ಮೇಡಂ ಒಮ್ಮೆ ಆ ಎದೆಯನ್ನೂ ಒಮ್ಮೆ ಮುಖವನ್ನೂ ನೋಡಿ, "ಶನಿವಾರದವರೆಗೂ ಜಾಗ ಹಾಗೇ ಇಟ್ಟಿರ್ತೀನಿ, ಯಾವುದಕ್ಕೂ ಇರ್ಲಿ" ಎಂದು ಇಳಿದುಹೋದರು.

ಪಾಠ ಶುರುವಾಯಿತು. ಮೊದಲ ಸಂಜೆ ಪುಸ್ತಕ ತೆರೆದ ಸಾಹೇಬರು ‘ಸಂಸದೀಯ ಪದ್ಧತಿ’ಯನ್ನು ದಾಟಿ ‘ಅಧ್ಯಕ್ಷೀಯ ಪದ್ಧತಿ’ಯ ಹೊಸಿಲಿಗೆ ಬರುವಷ್ಟರಲ್ಲಿ ಗೊರಕೆ ಹೊಡೆದರು. ಮಗಳು ಅವರ ಕನ್ನಡಕ ತೆಗೆದಿಟ್ಟು ಮೆಲ್ಲಗೆ ಎದ್ದುಹೋದಳು. ಮರುದಿನವೂ ಅದೇ ಗೊರಕೆ, ಅದೇ ಪುಟ. ಹೀಗೆ ವಾರ ಕಳೆದು ಶನಿವಾರ ಬಂದೇಬಿಟ್ಟಿತು. ಸಾಹೇಬರು ಎಚ್ಚೆತ್ತರು.

"ಪುಸ್ತಕ ಓದಿದ್ರೆ ನಿದ್ದೆನೇ ಬರೋದು. ತಕ್ಕಡಿ ಕಲೀಬೇಕಾದ್ರೆ ತಕ್ಕಡಿ ಹಿಡೀಬೇಕು! ಇವತ್ತು ಈ ನಡುಮನೇನೇ ಸಂಸತ್ತು. ಎಲ್ಲರೂ ಬನ್ನಿ!"

ಹೆಂಡತಿ ಹೆಗಲ ಮೇಲಿನ ಕೈವಸ್ತ್ರದಲ್ಲಿ ಕೈ ಒರೆಸುತ್ತ ಬಂದರು. "ಒಲೆ ಮೇಲೆ ಪಾತ್ರೆ ಇದೆ, ಬಟ್ಟೆ ಮೆಷಿನ್ ಓಡ್ತಿದೆ, ನೀರಿನ ಮೋಟಾರ್ ಹಾಕಿದ್ದೀನಿ. ಬೇಗ ಮುಗಿಸಿ."

"ನೀನು ಪ್ರಧಾನಿ. ಪುಟ್ಟಿ ಸಂಸದೆ. ನಾನು ಸ್ಪೀಕರ್. ಅಮ್ಮ, ನೀನು ಮಹಾರಾಣಿ."

ಸೋಫಾದ ಮೂಲೆಯಲ್ಲಿದ್ದ ಸಾಹೇಬರ ತಾಯಿ ಕಿವಿ ನಿಮಿರಿಸಿದರು. "ರಾಣಿಗೆ ಏನು ಕೆಲಸ?"

"ಎಲ್ಲರೂ ಮರ್ಯಾದೆ ಕೊಡ್ತಾರೆ, ಅಧಿಕಾರ ಮಾತ್ರ ಇರಲ್ಲ."

"ನಾನು ಮೊದಲಿಂದ್ಲೂ ಹಾಗೇ ಇದ್ದೀನಲ್ಲೋ. ಹೊಸದಾಗಿ ನೀನು ಕೊಟ್ಟಿದ್ದೇನು?"

ಸ್ಪೀಕರ್ ಆ ಮಾತನ್ನು ಕಡತದಿಂದ ತೆಗೆಸಿಹಾಕಿ, ಕಂಠ ಸರಿಪಡಿಸಿಕೊಂಡರು. "ಪ್ರಧಾನಿಯ ವಿರುದ್ಧ ಅವಿಶ್ವಾಸ ನಿರ್ಣಯ! ಪರವಾಗಿರೋರು ಕೈ ಎತ್ತಿ!"

ಮೊದಲು ಮೇಲೆದ್ದದ್ದು ಮಹಾರಾಣಿಯ ಕೈ. "ನಿನ್ನೆ ನನ್ನ ಧಾರಾವಾಹಿ ಮಧ್ಯದಲ್ಲೇ ಟಿವಿ ಆರಿಸಿದ್ದು ನಾನು ಮರೆತಿಲ್ಲ!"

"ಅಪ್ಪ, ರಾಣಿ ಓಟು ಹಾಕೋ ಹಾಗಿಲ್ಲ" ಎಂದಳು ಮಗಳು.

"ಈ ದೇಶದಲ್ಲಿ ಹಾಕ್ತಾರೆ! ನನ್ನದೂ ಒಂದು. ಎರಡು!"

ಮಗಳು ಅಮ್ಮನ ಕಡೆ. ಅಮ್ಮನೂ ಅಮ್ಮನ ಕಡೆಯೇ. ಎರಡಕ್ಕೆ ಎರಡು, ಮುಳ್ಳು ನಟ್ಟನಡುವೆ ನಿಂತಿತು. ಅಲ್ಲಿಗೆ ಪಾಠ ಮುಗಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಾಹೇಬರಿಗೆ ಸರ್ಕಾರ ಬೀಳುವುದನ್ನು ತೋರಿಸಲೇಬೇಕಿತ್ತು. ಮತ್ತೊಮ್ಮೆ ಕೈ ಎತ್ತಿದರು.

"ಸಮಸಮ ಆದ್ರೆ ಸ್ಪೀಕರಿಗೆ ಇನ್ನೊಂದು ಓಟು. ಸರ್ಕಾರ ಬಿತ್ತು!"

"ಓಹೋ" ಎಂದರು ಹೆಂಡತಿ. "ಅಂಗಡಿಯವನು ತಟ್ಟೆ ಮೇಲೆ ಬೆರಳಿಟ್ರೆ ದಂಡ. ನೀವು ಇಡೀ ಕೈ ಇಟ್ರೆ ಪಾಠ!"

ಹೆಗಲಿನ ಕೈವಸ್ತ್ರವನ್ನು ತೆಗೆದು ನೀಟಾಗಿ ಮಡಚಿ ಸ್ಪೀಕರ್ ಕೈಗಿತ್ತರು. ಹೋಗಿ ಕುರ್ಚಿಯಲ್ಲಿ ಕುಳಿತು, ಸ್ಟೂಲಿನ ಮೇಲೆ ಕಾಲು ಚಾಚಿ, ಬೆಳಗ್ಗೆಯಿಂದ ಮುಟ್ಟಲು ಬಿಡುವಿಲ್ಲದ ಪೇಪರನ್ನು ಬಿಡಿಸಿದರು.

"ಹಾಗೆ ಕೂರೋ ಹಾಗಿಲ್ಲ ಕಣೇ! ಹೊಸಬರು ಬರೋ ತನಕ ಹಂಗಾಮಿ ಪ್ರಧಾನಿಯಾಗಿ ಮುಂದುವರೀಬೇಕು!"

"ಬಹುಮತ ಇಲ್ಲದೋಳು ಒಲೆ ಮುಟ್ಟಲ್ಲ ರೀ. ನೀತಿ ಅಂತ ಒಂದಿರುತ್ತೆ."

ಮೊದಲು ಬಂದದ್ದು ವಾಸನೆ. ಸಾಹೇಬರು ಅಡುಗೆಮನೆಗೆ ಓಡಿದರು. ಒಂದು ಕೈಯಲ್ಲಿ ವಸ್ತ್ರವಿದ್ದರೂ ತಳ ಹಿಡಿದ ಪಾತ್ರೆಯನ್ನು ಇನ್ನೊಂದು ಬರಿಗೈಯಲ್ಲಿ ಹಿಡಿದು ಅಯ್ಯಯ್ಯೋ ಎಂದು ಬಿಟ್ಟರು. ಅತ್ತ ಬಟ್ಟೆ ಮೆಷಿನ್ನು ಕೆಲಸ ಮುಗಿಸಿ ಕುಂಯ್ ಕುಂಯ್ ಎನ್ನತೊಡಗಿತು. ಯಾವ ಗುಂಡಿ ಒತ್ತಿದರೋ ಏನೋ, ಅದು ಒಗೆದ ಬಟ್ಟೆಯನ್ನೇ ಹೊಸ ಹುರುಪಿನಿಂದ ಮತ್ತೆ ಒಗೆಯತೊಡಗಿತು!

"ಮಹಾರಾಣಿಗೆ ಕಾಫಿ ಯಾರು ಕೊಡ್ತಾರೆ?" ಎಂದು ನಡುಮನೆಯಿಂದ ಕೂಗು.

"ಸ್ವಲ್ಪ ತಡಿಯಮ್ಮ, ದೇಶ ಹೊತ್ತಿ ಉರೀತಿದೆ!"

ಅಷ್ಟರಲ್ಲಿ ಎಲ್ಲೋ ಧೋ ಎಂದು ನೀರು ಸುರಿಯುವ ಸದ್ದು. ಕೆಳಗಿನಿಂದ ಒಂದು ಕಿರುಚಾಟ. ಮೆಟ್ಟಿಲ ಮೇಲೆ ಧಡಧಡ ಹೆಜ್ಜೆ. ಬಾಗಿಲಲ್ಲಿ ಕೆಳಮನೆ ಮೇಡಂ ನಿಂತಿದ್ದರು. ತಲೆಗೂದಲು ಕೆನ್ನೆಗಂಟಿಕೊಂಡಿತ್ತು, ಕೈಯಲ್ಲಿದ್ದ ಫೋನಿನಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ನಿಮ್ಮ ಟ್ಯಾಂಕ್ ತುಂಬಿ ನನ್ನ ತಲೆ ಮೇಲೆ ಸುರೀತಿದೆ! ಈ ಮನೇಲಿ ಮೋಟಾರ್ ನೋಡ್ಕೊಳ್ಳೋರು ಯಾರು?"

ಎಲ್ಲರ ಕಣ್ಣೂ ಕುರ್ಚಿಯ ಕಡೆ ಹೊರಳಿತು. ಸಾಹೇಬರ ಹೆಂಡತಿ ಪೇಪರಿನ ಪುಟ ತಿರುವಿದರು.

"ನಾನು ಮಾಜಿ."

ಸಾಹೇಬರು ಗೋಡೆಯತ್ತ ಹಾರಿದರು. ಒಂದು ಸ್ವಿಚ್ ಒತ್ತಿದರೆ ಫ್ಯಾನ್ ನಿಂತಿತು. ಇನ್ನೊಂದು ಒತ್ತಿದರೆ ಕತ್ತಲಾಗುವ ಮೊದಲೇ ದೀಪ ಹತ್ತಿತು. ಮಗಳು ಅಡುಗೆಮನೆಯ ಬಾಗಿಲ ಹಿಂದೆ ಕೈ ಹಾಕಿ ಟಕ್ ಎನ್ನಿಸಿದಳು. ಧೋ ನಿಂತಿತು. ಇಷ್ಟು ವರ್ಷ ಬಾಳಿದ ಮನೆಯಲ್ಲಿ ಮೋಟಾರಿನ ಸ್ವಿಚ್ ಎಲ್ಲಿದೆಯೆಂದು ಊರಿಗೆಲ್ಲ ಅಳತೆ ಹೇಳುವ ಸಾಹೇಬರಿಗೆ ಗೊತ್ತಿರಲಿಲ್ಲ!

"ಶನಿವಾರ ಸಂಜೆ ಆಯ್ತಲ್ಲ" ಎಂದರು ಮೇಡಂ, ಮುಖ ಒರೆಸಿಕೊಳ್ಳುತ್ತ. "ಆ ಜಾಗ ಬೇರೆ ಹುಡುಗಿಗೆ ಕೊಡೋಣ ಅಂತ ಹಿತ್ತಿಲಲ್ಲಿ ನಿಂತು ಫೋನ್ ಮಾಡ್ತಿದ್ದೆ. ಹಲೋ ಅನ್ನೋದರೊಳಗೆ ಜಲಪ್ರಳಯ! ಏನು ನಡೀತಿದೆ ಇಲ್ಲಿ?"

ಮಗಳ ಮುಖ ಸುಣ್ಣ ಬಳಿದಂತೆ ಬಿಳಿಚಿತು. ಅದನ್ನು ಕಂಡು ಸಾಹೇಬರ ಜಂಬವೆಲ್ಲ ಜರ್ರನೆ ಇಳಿದುಹೋಯಿತು. ಸಂಸತ್ತು, ರಾಣಿ, ಎರಡು ಸಲ ಎತ್ತಿದ ಕೈ ಎಲ್ಲವನ್ನೂ ತಲೆ ತಗ್ಗಿಸಿ ಒಪ್ಪಿಸಿದರು. "ತಪ್ಪು ನಂದು ಮೇಡಂ. ಮಗು ಮೇಲೆ ಸಿಟ್ಟು ಮಾಡ್ಕೋಬೇಡಿ."

ಮೇಡಂ ತುಟಿಯಂಚಿನಲ್ಲಿ ನಗು ತಡೆದುಕೊಂಡು ಮಗಳ ಕಡೆ ತಿರುಗಿದರು. "ಪಾಠ ಆಗಿದೆ ಅಂತಾಯ್ತು. ಹಾಗಾದ್ರೆ ಹೇಳಮ್ಮ, ಸರ್ಕಾರಕ್ಕೂ ಪ್ರಭುತ್ವಕ್ಕೂ ವ್ಯತ್ಯಾಸ ಏನು?"

ಕಳೆದ ಪರೀಕ್ಷೆಯಲ್ಲಿ ಹುಡುಗಿ ಮುಗ್ಗರಿಸಿದ್ದು ಇದೇ ಪ್ರಶ್ನೆಗೆ. ಮಗಳು ಸುಟ್ಟ ಪಾತ್ರೆಯನ್ನು ನೋಡಿದಳು, ಮೇಡಂ ಅವರ ಒದ್ದೆ ತಲೆಯನ್ನು ನೋಡಿದಳು, ಕಾಲು ಚಾಚಿ ಕೂತ ಅಮ್ಮನನ್ನು ನೋಡಿದಳು.

"ಸರ್ಕಾರ ಬರುತ್ತೆ, ಹೋಗುತ್ತೆ ಮೇಡಂ. ಅದು ಬಿದ್ದ ಮಾರನೇ ದಿನಾನೂ ನಲ್ಲೀಲಿ ನೀರು ಬರುತ್ತಲ್ಲ, ಬಸ್ ಓಡುತ್ತಲ್ಲ, ಅದನ್ನೆಲ್ಲ ಹಿಡಿದಿಟ್ಟಿರೋದು ಪ್ರಭುತ್ವ." ಅಮ್ಮನ ಕುರ್ಚಿಯತ್ತ ಕೈ ತೋರಿಸಿದಳು. "ಅಪ್ಪ ಇವತ್ತು ಅಮ್ಮನ್ನ ಸರ್ಕಾರ ಅಂದ್ಕೊಂಡು ಬೀಳಿಸಿದ್ರು. ಆದ್ರೆ ಅಮ್ಮ ಸರ್ಕಾರ ಅಲ್ಲ. ಅಮ್ಮನೇ ಪ್ರಭುತ್ವ. ಅದಕ್ಕೇ ಎಲ್ಲಾ ನಿಂತೋಯ್ತು."

"ಮತ್ತೆ ಸರ್ಕಾರ ಯಾರು?"

"ಅಪ್ಪ. ಘೋಷಣೆ ಮಾಡ್ತಾರಲ್ಲ."

ಪೇಪರಿನ ಹಿಂದೆ ಮೂಗೆಳೆದುಕೊಂಡ ಸದ್ದಾಯಿತು. ಸಾಹೇಬರು ಹೆಂಡತಿಯ ಮಡಚಿದ ಕೈವಸ್ತ್ರವನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದರು. ದಿನವೂ ಅದು ಯಾರ ಹೆಗಲ ಮೇಲಿರುತ್ತದೆ ಎಂದು ಅವರು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ. ನಾಚಿಕೆಯಾಯಿತು.

"ಸೋಮವಾರದಿಂದ ಬಾರಮ್ಮ" ಎಂದರು ಮೇಡಂ. "ಜಾಗ ನಿಂದೇ. ಒಂದೇ ಷರತ್ತು, ನಿಮ್ಮಪ್ಪನ ಮನೆಪಾಠ ಇವತ್ತಿಗೆ ಬಂದ್!"

"ಆದ್ರೆ ಅಪ್ಪ ಹೇಳ್ಕೊಟ್ಟಿದ್ದಕ್ಕೇ ನಂಗೆ ಇದು ಅರ್ಥ ಆಗಿದ್ದು ಮೇಡಂ" ಎಂದಳು ಮಗಳು. ಅಷ್ಟು ಸಾಕಾಯಿತು. ಸಾಹೇಬರು ಕಣ್ಣಿಗೆ ಹೊಗೆ ಹೋಯಿತೆಂದು ಅಡುಗೆಮನೆಯನ್ನು ಬೈದುಕೊಂಡರು.

ಹೆಂಡತಿ ಪೇಪರ್ ಮಡಚಿದರು. "ನಾನು ಎದ್ದು ಒಲೆ ಮುಟ್ಟಬೇಕಾದ್ರೆ ವಿಶ್ವಾಸಮತ ಆಗ್ಬೇಕು. ಪರವಾಗಿರೋರು ಕೈ ಎತ್ತಿ!"

ಮಗಳ ಕೈ ಎದ್ದಿತು. ಕಾಫಿಯ ಆಸೆಗೆ ಮಹಾರಾಣಿಯ ಕೈಯೂ ಎದ್ದಿತು. ಓಟಿಲ್ಲದಿದ್ದರೂ ಮೇಡಂ ಕೈಯೆತ್ತಿದರು. ಸಾಹೇಬರು ಎರಡೂ ಕೈ ಎತ್ತಿ ನಿಂತರು.

"ಅಪ್ಪಾ, ಮತ್ತೆ ಎರಡು ಓಟಾ!"

"ಇಲ್ಲ ಪುಟ್ಟಿ. ಒಂದು ನಿಮ್ಮಮ್ಮನಿಗೆ ಹಾಕಿದ ಓಟು. ಇನ್ನೊಂದು... ಪಾಠ ಹೇಳೋ ವಿಷಯದಲ್ಲಿ ನಾನು ಕೈ ಎತ್ತಿದೆ."

ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, ಹೋದ ಮಾನವನ್ನು ಸ್ವಲ್ಪವಾದರೂ ಉಳಿಸಿಕೊಳ್ಳಲು, "ಏನೇ ಆಗ್ಲಿ, ಈ ಊರಲ್ಲಿ ನಾನು ಪರೀಕ್ಷೆ ಮಾಡದ ತಕ್ಕಡಿ ಮಾತ್ರ ಒಂದೂ ಇಲ್ಲ!" ಎಂದರು.

"ಒಂದಿದೆ ಕಣೋ" ಎಂದರು ಸೋಫಾದ ಮೂಲೆಯಿಂದ ಮಹಾರಾಣಿ. "ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು ತಲೆ ಬಾಚ್ಕೊಳ್ಳುತ್ತೆ. ಬೆಪ್ಪುತಕ್ಕಡಿ!"