ಹಕ್ಕಿ ಯಾರ ತೋಟದ್ದು?

ಸೊಯ್ಲಾ: ಸಕ್ಕರೆ ನಂದು, ಬಾಟ್ಲಿ ನಂದು, ಹನ್ನೊಂದು ವರ್ಷದಿಂದ ದಿನಾ ತೊಳೆದು ತುಂಬಿಸೋ ಕೈ ನಂದು. ಹಕ್ಕಿ ಮಾತ್ರ ನಿಂದಾ?

ಸೊಯ್ಲಾ ಬೇಲಿಯ ಈಚೆ ನಿಂತು ಕೂಗುತ್ತಿದ್ದಳು. ಬೇಲಿಯ ಆಚೆ, ತನ್ನ ಮನೆಯ ಜಗಲಿಯಲ್ಲಿ, ಅವಳ ಮೈದುನ ಒಲ್ಮೇದೊ ಗ್ವಾಯಾಕಿಲ್ ಪಟ್ಟಣದಿಂದ ಹಕ್ಕಿ ಫೋಟೋ ತೆಗೆಯಲು ಬಂದಿದ್ದ ಹಲ್ಲಿನ ಡಾಕ್ಟರ್ ಅರೀಸಗನಿಗೆ ಕಾಫಿ ಬಗ್ಗಿಸುತ್ತಿದ್ದ. ಡಾಕ್ಟರ ಮುಂದೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಮೊಳದುದ್ದದ ಜೂಮ್ ಲೆನ್ಸು. ಅದು ಗುರಿಯಿಟ್ಟಿದ್ದು ಒಲ್ಮೇದೊನ ಬೇಲಿ ಪಕ್ಕದ ಸೀಬೆ ಕೊಂಬೆಗೆ. ಹಮ್ಮಿಂಗ್‌ಬರ್ಡ್ ಎನ್ನುವ ಪುಟ್ಟ ಝೇಂಕಾರದ ಹಕ್ಕಿಗಳು ಸೊಯ್ಲಾಳ ಅಂಗಳದಲ್ಲಿ ತೂಗುಬಿಟ್ಟ ಬಾಟಲಿಗಳಿಂದ ಸಕ್ಕರೆ ನೀರು ಹೀರುತ್ತವೆ, ಆಮೇಲೆ ಈ ಕೊಂಬೆಗೆ ಬಂದು ಕೂರುತ್ತವೆ. ಹೋದ ವರ್ಷ ರಾಜಧಾನಿ ಕೀಟೊದ ಫೋಟೋ ಪ್ರದರ್ಶನದಲ್ಲಿ ಡಾಕ್ಟರ ಫೋಟೋದ ಕೆಳಗೆ ದಪ್ಪಕ್ಷರದಲ್ಲಿ 'ಒಲ್ಮೇದೊ ತೋಟ' ಎಂದಿತ್ತು. ಆವತ್ತಿನಿಂದ ಸೊಯ್ಲಾಳ ಹೊಟ್ಟೆ ಉರಿಯುತ್ತಲೇ ಇದೆ.

ಒಲ್ಮೇದೊ: ಫೋಟೋದಲ್ಲಿ ಕಾಣೋದು ನನ್ನ ಕೊಂಬೆ, ಅತ್ತಿಗೆ. ನಿಮ್ಮ ಸಕ್ಕರೆ ಹಕ್ಕಿ ಹೊಟ್ಟೇಲಿದೆ. ಹೊಟ್ಟೆ ಒಳಗಿಂದು ಲೆನ್ಸಿಗೆ ಕಾಣತ್ತಾ?

ಸೊಯ್ಲಾ: ಆ ಮರಕ್ಕೆ ಯಾವತ್ತಾದ್ರೂ ಒಂದು ಚೊಂಬು ನೀರು ಹಾಕಿದ್ದೀಯಾ?

ಒಲ್ಮೇದೊ: ಮಳೆ ಹಾಕತ್ತೆ.

ಸೊಯ್ಲಾ: ಹಂಗಾದ್ರೆ 'ಮಳೆರಾಯನ ತೋಟ' ಅಂತ ಬರೆಸು!

ಡಾಕ್ಟರ್: ಸ್ವಲ್ಪ ಮೆತ್ತಗೆ, ದೋನ್ಯ ಸೊಯ್ಲಾ. ಉದ್ದ ಬಾಲದ್ದು ಬರೋ ಹೊತ್ತು.

ಸೊಯ್ಲಾ: ಊರೋರ ಬಾಯೆಲ್ಲ ತೆರೆಸೋರು ನೀವು, ನಂದು ಮಾತ್ರ ಮುಚ್ಚಿಸ್ತೀರಾ? ಇರಿ, ಮಾಡ್ತೀನಿ.

ಅವಳು ದಡದಡ ಒಳಗೆ ಹೋಗಿ, ಗಂಡ ಬದುಕಿದ್ದಾಗ ಇಬ್ಬರೂ ಹೊದೆಯುತ್ತಿದ್ದ ದೊಡ್ಡ ಹಸಿರು ಕಂಬಳಿಯನ್ನು ತಂದು, ಬೇಲಿಯುದ್ದಕ್ಕೂ ಕಟ್ಟಿದ್ದ ಬಟ್ಟೆ ಹಗ್ಗದ ಮೇಲೆ ಎಸೆದಳು.

ಸೊಯ್ಲಾ: ತಗೊಳ್ಳಿ! ನಿಮ್ಮ ಆ ಕೊಳವೆಗೆ ಇನ್ನು ನನ್ನ ಅಂಗಳದ ಒಂದು ಎಲೆನೂ ಕಾಣಬಾರದು!

ಡಾಕ್ಟರ್ ಲೆನ್ಸಿಗೆ ಕಣ್ಣಿಟ್ಟವನು ಕುರ್ಚಿಯಿಂದ ಎಗರಿಬಿಟ್ಟ.

ಡಾಕ್ಟರ್: ಅಯ್ಯೋ ದೇವರೇ! ಎಷ್ಟು ಚೆನ್ನಾಗಿದೆ!

ಸೊಯ್ಲಾ: ಏನು ಚೆನ್ನಾಗಿದೆ?

ಡಾಕ್ಟರ್: ಹಿಂದಿದ್ದ ನೀಲಿ ಡ್ರಮ್ಮು, ತಗಡಿನ ಸೂರು, ಒಣಹಾಕಿದ ಲಂಗ ಎಲ್ಲಾ ಮಾಯ! ಜೂಮ್ ಎಳೆದ್ರೆ ಇದು ಕಂಬಳಿ ಅಂತಾನೇ ಗೊತ್ತಾಗಲ್ಲ, ಹಸಿರೋ ಹಸಿರು. ಗಾಳಿಗೆ ಹಾರ್ತಿದೆ, ಆ ತುದಿ ಒಂಚೂರು ಹಿಡ್ಕೊಳ್ಳಿ!

ಕೆಡಿಸಲೆಂದು ತಂದ ಕಂಬಳಿಯನ್ನು ಸೊಯ್ಲಾ ಈಗ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಹೇಗೆ ಹಿಡಿದೆ ಎಂದು ಅವಳಿಗೇ ತಿಳಿಯಲಿಲ್ಲ. ಒಲ್ಮೇದೊ ಹೊಟ್ಟೆ ಹಿಡಿದುಕೊಂಡು ನಕ್ಕ.

ಒಲ್ಮೇದೊ: ಎಡಕ್ಕೆ ಅತ್ತಿಗೆ, ಇನ್ನೂ ಎಡಕ್ಕೆ! ಅಂತೂ ನಮ್ಮ ತೋಟಕ್ಕೆ ಒಳ್ಳೇ ಆಳು ಸಿಕ್ಕಿತು.

ಸೊಯ್ಲಾ: ಮುಚ್ಚೋ ಬಾಯಿ! ಡಾಕ್ಟ್ರೇ, ಫೋಟೋ ಕೆಳಗೆ ನನ್ನ ಹೆಸರು ಹಾಕ್ತೀರೋ, ಕಂಬಳಿ ಮಡಚ್ಲೋ?

ಡಾಕ್ಟರ್: ಹಾಕೋಣ, ಹಾಕೋಣ. ಅಲ್ಲಾಡಬೇಡಿ.

ಒಲ್ಮೇದೊ: ಮತ್ತೆ ನನ್ನ ಕೊಂಬೆ?

ಡಾಕ್ಟರ್: ಅದನ್ನೂ ಹಾಕೋಣ.

ಸೊಯ್ಲಾ: ನಂದು ಮೊದಲು!

ಒಲ್ಮೇದೊ: ಅದ್ಹೇಗೆ? ಕೊಂಬೆ ಮುಂದಿದೆ, ಕಂಬಳಿ ಹಿಂದಿದೆ. ಹೆಸರೂ ಹಂಗೇ ಬರಲಿ.

ಸೊಯ್ಲಾ: ಹಕ್ಕಿಗೆ ಹಸಿವಾದಾಗ ನಿನ್ನ ಕೊಂಬೆ ನೆಕ್ಕತ್ತಾ?

ಅವಳ ತೋಳು ಸೋತಿತ್ತು. ಆದರೂ ಬಿಡಲಿಲ್ಲ. ಕೀಟೊದ ಗೋಡೆಯ ಮೇಲೆ ಒಂದೇ ಒಂದು ಸಲ ತನ್ನ ಹೆಸರು ಬರಬೇಕು, ಅಷ್ಟೇ ಅವಳ ಆಸೆ. ಡಾಕ್ಟರ್ ಹಕ್ಕಿಗಾಗಿ ಕಾಯುತ್ತಲೇ ಫೋನನ್ನು ಬಾಯಿಗೆ ಹಿಡಿದು ಪ್ರದರ್ಶನದವರಿಗೆ ಹೇಳತೊಡಗಿದ.

ಡಾಕ್ಟರ್: ಫೋಟೋ ಕೆಳಗೆ ಹಾಕೋದು ಬರ್ಕೊಳ್ಳಿ. 'ದಟ್ಟ ಕಾಡಿನ ನಡುವೆ. ಮೂರು ದಿನದ ಕಾಲ್ನಡಿಗೆ. ಮನುಷ್ಯರ ಸುಳಿವೇ ಇಲ್ಲದ ಕಡೆ.'

ಒಲ್ಮೇದೊ ಕಾಫಿ ಪಾತ್ರೆ ಹಿಡಿದೇ ಡಾಕ್ಟರ ಕಡೆ ತಿರುಗಿದ.

ಒಲ್ಮೇದೊ: ಮೂರು ದಿನ? ಕಾರಿಂದ ಇಳಿದು ಮೂವತ್ತು ಹೆಜ್ಜೆ ನಡೆದಿಲ್ಲ ನೀವು!

ಸೊಯ್ಲಾ: ನನ್ನ ಹೆಸರು?

ಡಾಕ್ಟರ್: ನೋಡೋರು ಕಾಡು ಕೇಳ್ತಾರೆ, ದೋನ್ಯ ಸೊಯ್ಲಾ. ಅಂಗಳ, ಕಂಬಳಿ ಅಂದ್ರೆ ಯಾರು ತಿರುಗಿ ನೋಡ್ತಾರೆ? ಶ್! ಬಂತು, ಬಂತು! ಬಾಲ ಬಿಚ್ತಿದೆ!

ಅತ್ತಿಗೆ ಮೈದುನನ ಮುಖ ನೋಡಿದಳು, ಮೈದುನ ಅತ್ತಿಗೆಯ ಮುಖ ನೋಡಿದ. ಸೊಯ್ಲಾ ಕಂಬಳಿ ಕೈಬಿಟ್ಟು ಬೇಲಿಯ ಸಂದಿಯಲ್ಲಿ ನುಸುಳಿ ಬಂದಳು. ಒಲ್ಮೇದೊ ಕಾಫಿ ಪಾತ್ರೆ ಕುಕ್ಕಿ ಜಗಲಿಯಿಂದ ಇಳಿದ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ, ಕೊಂಬೆಗೆ ಅಡ್ಡವಾಗಿ, ಲೆನ್ಸಿನ ತುಂಬ ನಿಂತರು.

ಡಾಕ್ಟರ್: ಪಕ್ಕಕ್ಕೆ ಸರೀರಿ! ಏನು ಮಾಡ್ತಿದ್ದೀರಿ?

ಸೊಯ್ಲಾ: ಬಟನ್ ಒತ್ತಿ ಡಾಕ್ಟ್ರೇ. ಪಾಪ, ಮೂರು ದಿನ ನಡೆದು ಬಂದಿದ್ದೀರಿ, ಕೊನೆಗೂ ಮನುಷ್ಯರು ಸಿಕ್ಕಿದ್ರು.