ಕೆಂಪು ಪೆನ್ಸಿಲ್ ನಿಂತ ಪುಟ

ಗಡಿಯಾರದಂತೆ ಬದುಕುವವರಿಗೆ ಒಂದು ಕಷ್ಟವಿದೆ. ಅವರು ಹತ್ತು ನಿಮಿಷ ತಪ್ಪಿದರೂ ಬೀದಿಗೆಲ್ಲ ಗೊತ್ತಾಗಿಬಿಡುತ್ತದೆ. ನಾನು ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಐದಕ್ಕೆ ಏಳುವುದು, ಐದೂವರೆಗೆ ಕಾಫಿ, ಆರಕ್ಕೆ ವಾಕಿಂಗ್, ಏಳಕ್ಕೆ ರೇಡಿಯೋ ವಾರ್ತೆ. ನಾನು ಗೇಟು ತೆಗೆದ ಸದ್ದು ಕೇಳಿ ಎದುರುಮನೆಯವರು ಹಾಲು ಕಾಯಿಸಲು ಇಡುತ್ತಿದ್ದರು. ಇಂಥ ನಾನು ಒಂದೇ ತಿಂಗಳಲ್ಲಿ ಕೆಟ್ಟುಹೋದೆ. ಕಾರಣ ಕಾದಂಬರಿ. ಅದೂ ಹದಿನಾರು ಹದಿನೇಳರ ಹುಡುಗಿಯರಿಗೆಂದೇ ಬರೆದದ್ದು.

ತಮ್ಮನ ಮಗಳು ಗೀತಾ ಪಿಯುಸಿ ಓದಲು ನನ್ನ ಮನೆಗೆ ಬಂದಿದ್ದಳು. ತಮ್ಮನಿಗೆ ಅರೇಹಳ್ಳಿಯಲ್ಲಿ ಬ್ಯಾಂಕಿನ ಕೆಲಸ. ಅವಳ ಟ್ರಂಕು ಇಳಿಸಿದವನೇ, "ಅಕ್ಕ, ನಿನ್ನ ಶಿಸ್ತು ನಂಬಿ ಬಿಟ್ಟುಹೋಗ್ತಿದೀನಿ. ಇವಳಿಗೆ ಕಾದಂಬರಿ ಹುಚ್ಚು. ಇನ್ನೊಂದು ಸಲ ಮನೇಲಿ ಕಂಡ್ರೆ ಕಾಲೇಜು ಬಿಡಿಸಿ ಕರ್ಕೊಂಡು ಹೋಗ್ತೀನಿ" ಎಂದ. ಗೀತಾ ನೆಲ ನೋಡುತ್ತ ನಿಂತಿದ್ದಳು. ಅವನು ಹೇಳಿದ್ದನ್ನು ಮಾಡುವವನೇ. ಅವಳ ಹಾರ್ಮೋನಿಯಂ ಪಾಠವನ್ನು ಹೀಗೆಯೇ ಒಂದು ಮಧ್ಯಾಹ್ನ ನಿಲ್ಲಿಸಿದ್ದ.

ಆ ಕಾದಂಬರಿಗಳನ್ನು ಬರೆಯುತ್ತಿದ್ದವರ ಹೆಸರು ಹೇಳುವುದಿಲ್ಲ; ಆಕೆಯದೇನೂ ತಪ್ಪಿಲ್ಲ. ತಿಂಗಳಿಗೊಂದು ಬರೆಯುತ್ತಿದ್ದರು. ನಾನು ಒಂದು ಡಬ್ಬಿ ಉಪ್ಪಿನಕಾಯಿ ಮುಗಿಸುವುದರೊಳಗೆ ಆಕೆ ಎರಡು ಕಥೆ ಮುಗಿಸಿರುತ್ತಿದ್ದರು. ಎಲ್ಲದರಲ್ಲೂ ಎರಡು ಜಡೆಯ ಹುಡುಗಿ, ಒಂದು ಸೈಕಲ್ಲು, ಮಂಜು ಕವಿದ ಯಾವುದೋ ಊರು, ಮಾತು ಬಿಟ್ಟ ಗೆಳತಿ. ಗೀತಾಳ ತರಗತಿಯ ಹುಡುಗಿಯರ ನಡುವೆ ಒಂದೇ ಪ್ರತಿ ಕೈಯಿಂದ ಕೈಗೆ ತಿರುಗುತ್ತಿತ್ತು. ಒಂದು ಬುಧವಾರ ಅದು ಅವಳ ಕೆಮಿಸ್ಟ್ರಿ ಪುಸ್ತಕದೊಳಗೆ ನನಗೆ ಸಿಕ್ಕಿತು.

"ಏನೇ ಇದು?"

"ಕೆಮಿಸ್ಟ್ರಿ, ಅತ್ತೆ."

"ಕೆಮಿಸ್ಟ್ರಿಯಲ್ಲಿ ಸೈಕಲ್ ಯಾಕಿದೆ?"

ಅವಳು, "ಅಪ್ಪಂಗೆ ಹೇಳ್ಬೇಡಿ ಅತ್ತೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ಗದರಿಸುವುದು ಸುಲಭವಾಗುತ್ತಿತ್ತು. "ಮೊದಲು ನಾನು ಓದಿ ನೋಡ್ತೀನಿ, ಆಮೇಲೆ ತೀರ್ಮಾನ" ಎಂದು ಪುಸ್ತಕ ವಶಪಡಿಸಿಕೊಂಡೆ.

ಮಧ್ಯಾಹ್ನದ ಊಟವಾದ ಮೇಲೆ ಕೆಂಪು ಪೆನ್ಸಿಲ್ ಹಿಡಿದು ಕುಳಿತೆ. ಅದಿಲ್ಲದೆ ನನಗೆ ಮದುವೆಯ ಕರೆಯೋಲೆಯನ್ನೂ ಓದಲು ಬರುವುದಿಲ್ಲ. ಮೊದಲ ಪುಟದಲ್ಲೇ 'ಸಂಜೆಯಾಯಿತು, ಅಕ್ಕಿಗಳು ಗೂಡಿಗೆ ಹಾರಿದವು' ಎಂದಿತ್ತು. ನಮ್ಮ ಸೀಮೆಯ ಮಕ್ಕಳು ಹಕಾರ ನುಂಗುವುದನ್ನು ಮೂವತ್ತು ವರ್ಷ ತಿದ್ದಿದವಳು ನಾನು. ಅಚ್ಚಿನ ಮೊಳೆ ಜೋಡಿಸಿದವನೂ ನಮ್ಮ ಕಡೆಯವನೇ ಇರಬೇಕು. ಅಕ್ಕಿಯ ಕೆಳಗೆ ಗೆರೆ ಎಳೆದೆ. ನಾಲ್ಕನೆಯ ಪುಟದಲ್ಲಿ ಬಸ್ಸು 'ಆಸನ'ಕ್ಕೆ ಹೊರಟಿತು. ಅದಕ್ಕೂ ಗೆರೆ. ಕೆಲಸ ಅಚ್ಚುಕಟ್ಟಾಗಿ ಸಾಗುತ್ತಿತ್ತು.

ಆಮೇಲೆ ಆ ಹುಡುಗಿ ಶಾಲೆಯ ಪ್ರವಾಸಕ್ಕೆ ಹೊರಟಳು. ಸಾಲು ತಪ್ಪಿಸಿಕೊಂಡು ಯಾವುದೋ ಹಳೆಯ ಕೊಳದ ಮೆಟ್ಟಿಲ ಮೇಲೆ ಒಬ್ಬಳೇ ಹೋಗಿ ಕುಳಿತಳು. ನಾನೂ ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ಯುತ್ತಿದ್ದೆ: ಬೇಲೂರು ಒಂದು ಗಂಟೆ, ಹಳೇಬೀಡು ಒಂದು ಗಂಟೆ, ಹುಲಿಕೆರೆಯ ಕೊಳ ಹದಿನೈದು ನಿಮಿಷ. ಅಷ್ಟು ವರ್ಷವೂ ನಾನು ಶಿಲಾಬಾಲಿಕೆಯರ ಮುಖ ನೋಡಲಿಲ್ಲ. ನೋಡಿದ್ದು ತಲೆಗಳನ್ನು, ನಲವತ್ತೆರಡೂ ಇವೆಯೇ ಎಂದು. ಒಂದು ವರ್ಷ ನಲವತ್ತೊಂದೇ ಆಯಿತು. ಹುಡುಕಿಕೊಂಡು ಹೋದರೆ ಒಬ್ಬಳು ಹುಲಿಕೆರೆಯ ಕೊಳದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. "ಏನೇ ಮಾಡ್ತಿದೀಯ?" ಎಂದರೆ, "ನೀರೊಳಗೆ ಇನ್ನೂ ಎಷ್ಟು ಮೆಟ್ಲು ಐತೆ ಅಂತ ನೋಡ್ತಿದ್ದೆ ಮಿಸ್" ಎಂದಳು. ಬಾಣಾವರ ಬರುವವರೆಗೆ ಅವಳನ್ನು ಬಸ್ಸಿನಲ್ಲಿ ನಿಲ್ಲಿಸಿದೆ. ಅವಳ ಹೆಸರು ಈಗ ನೆನಪಿಗೆ ಬರುವುದಿಲ್ಲ.

ಪುಸ್ತಕ ಹಿಡಿದು ಕುಳಿತಿದ್ದ ಆ ಮಧ್ಯಾಹ್ನ, ಕೊನೆಗೂ ಅವಳ ಪಕ್ಕದಲ್ಲಿ ಹೋಗಿ ಕುಳಿತೆ. ನೀರು ಹಸಿರಾಗಿತ್ತು. ಮೆಟ್ಟಿಲುಗಳು ಒಂದರ ಕೆಳಗೊಂದು ಇಳಿದು, ಕಾಣಿಸದಾದ ಮೇಲೂ ಇಳಿಯುತ್ತಲೇ ಇದ್ದವು. ಯಾರೂ ತಲೆ ಎಣಿಸುತ್ತಿರಲಿಲ್ಲ, ಯಾರೂ ಸೀಟಿ ಊದುತ್ತಿರಲಿಲ್ಲ. ದೂರದಲ್ಲಿ ರೈಲೊಂದು ಕೂಗಿತು. ಅದು ಕಥೆಯೊಳಗಿನದೋ ನಮ್ಮ ಜಂಕ್ಷನ್ನಿನದೋ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನ್ನಿಸಲಿಲ್ಲ. ಪಾತ್ರೆ ತೊಳೆಯಲು ಬಂದ ಲಕ್ಕಮ್ಮ ಎದುರು ನಿಂತು, "ಟೀಚರಮ್ಮ, ಒಲೆ ಮೇಲಿನ ಹಾಲು ಸೀದೋಗೈತೆ. ಬೀದಿ ಕೊನೆಗಂಟ ವಾಸ್ನೆ ಬತ್ತೈತೆ, ನಿಮ್ಗೆ ಬರ್ಲಿಲ್ವಾ?" ಎಂದಾಗ ಸಂಜೆ ಐದೂವರೆ.

ಮರುದಿನ ಪುಸ್ತಕ ಹಿಂದಿರುಗಿಸಿದೆ. ಗೀತಾ ಹಾಳೆ ತಿರುವಿ ನೋಡಿ, "ಅತ್ತೆ, ಐವತ್ತೆಂಟನೇ ಪುಟ ಆದ್ಮೇಲೆ ತಪ್ಪೇ ಇಲ್ವಾ?" ಎಂದಳು.

"ಆಮೇಲೆ ಎಚ್ಚರಿಕೆಯಿಂದ ಅಚ್ಚು ಹಾಕಿದಾರೆ."

"ಅರವತ್ತರಲ್ಲಿ 'ಉಡುಗಿ' ಅಂತಿದೆಯಲ್ಲ."

ನಾನು ಕನ್ನಡಕ ಒರೆಸಿಕೊಂಡೆ. ಅವಳು ನಗಲಿಲ್ಲ, ಆದರೆ ನಗದಿರಲು ಬಹಳ ಕಷ್ಟಪಟ್ಟಳು. ಒಂದು ಪುಸ್ತಕ ನೋಡಿ ಲೇಖಕಿಯ ಬಗ್ಗೆ ತೀರ್ಮಾನ ಮಾಡುವುದು ಅನ್ಯಾಯವೆಂದು, ಇನ್ನೊಂದು ತರಲು ಹೇಳಿದೆ. ಮತ್ತೊಂದು. ಮತ್ತೂ ಒಂದು. ಆ ತಿಂಗಳು ನನ್ನ ವಾಕಿಂಗ್ ಒಮ್ಮೊಮ್ಮೆ ಏಳೂವರೆಗೆ ಹೊರಟಿತು. ಎದುರುಮನೆಯ ಮಗು ಹಾಲಿಲ್ಲದೆ ಶಾಲೆಗೆ ಹೋಯಿತೆಂದು ಕೇಳಿದೆ.

ಒಂದು ಭಾನುವಾರ ತಮ್ಮ ಹೇಳದೆ ಕೇಳದೆ ಬಂದುಬಿಟ್ಟ. ಮಂಚದ ಮೇಲೆ ನಾಲ್ಕನೆಯ ಕಾದಂಬರಿ ಬೋರಲು ಮಲಗಿತ್ತು. ಅವನು ದನಿ ಏರಿಸುವವನಲ್ಲ. ಪುಸ್ತಕದ ಕಡೆ ಒಮ್ಮೆ, ಮಗಳ ಕಡೆ ಒಮ್ಮೆ ನೋಡಿ, "ಬಟ್ಟೆ ತುಂಬ್ಕೋ. ಎರಡೂವರೆ ಬಸ್ಸಿಗೆ ಹೋಗೋಣ" ಎಂದ. ಗೀತಾ ಟ್ರಂಕಿನ ಕಡೆ ನಡೆದಳು. ಅವಳು ನನ್ನನ್ನು ತೋರಿಸಿಕೊಡಲಿಲ್ಲ.

"ಅದು ನನ್ನದು ಕಣೋ" ಎಂದೆ.

"ಅವಳನ್ನ ಉಳಿಸೋಕೆ ಸುಳ್ಳು ಹೇಳ್ಬೇಡ ಅಕ್ಕ."

"ತೆಗೆದು ನೋಡು."

ನೋಡಿದ. ಮೊದಲ ಹತ್ತು ಪುಟಗಳಲ್ಲಿ ಕೆಂಪು ಗೆರೆಗಳು. ಚಿಕ್ಕಂದಿನಲ್ಲಿ ಅವನ ಕಾಪಿ ಪುಸ್ತಕಗಳೆಲ್ಲ ಅದೇ ಗೆರೆ ತಿಂದಿದ್ದವು. ಕೈ ಯಾರದೆಂದು ಕೇಳಬೇಕಾಗಿರಲಿಲ್ಲ. ಮಂಚದ ಮೇಲೆ ಕುಸಿದು ಕುಳಿತ. "ಅರವತ್ತು ದಾಟಿದೆ ಅಕ್ಕ ನಿಂಗೆ" ಎಂದ. ಸ್ವಲ್ಪ ತಡೆದು, "ಮನೇಲಿ ಓದೋ ಹುಡುಗಿ ಇದಾಳೆ. ನಿನ್ನ ನೋಡಿ ಅವಳೂ ಕೆಟ್ರೆ?" ಎಂದ. ನಾನು ತಲೆ ತಗ್ಗಿಸಿದೆ. ಒಳಗೆ ಟ್ರಂಕಿನ ಮುಚ್ಚಳ ಮೆಲ್ಲಗೆ ಮುಚ್ಚಿಕೊಂಡ ಸದ್ದಾಯಿತು.

ಎರಡೂವರೆಯ ಬೇಲೂರು ಬಸ್ಸಿಗೆ ಅವನೊಬ್ಬನೇ ಹತ್ತಿದ. ಹತ್ತುವ ಮುಂಚೆ ಮಗಳನ್ನು ಪಕ್ಕಕ್ಕೆ ಕರೆದು, ನನಗೆ ಕೇಳಿಸುವಷ್ಟೇ ಮೆಲ್ಲಗೆ, "ಅತ್ತೆ ಮೇಲೆ ಒಂದು ಕಣ್ಣಿಟ್ಟಿರು" ಎಂದ. "ಆಗ್ಲಿ ಅಪ್ಪ" ಎಂದಳು ಗೀತಾ, ಬಹಳ ವಿನಯದಿಂದ.

ಅಪ್ಪನ ಮಾತನ್ನು ಅವಳು ಚಾಚೂ ತಪ್ಪದೆ ಪಾಲಿಸುತ್ತಿದ್ದಾಳೆ. ನನಗೆ ದಿನಕ್ಕೆ ಎರಡೇ ಅಧ್ಯಾಯ, ಅದೂ ಅವಳ ಲೆಕ್ಕದ ಪಾಠ ಮುಗಿದ ಮೇಲೆ. ನಿನ್ನೆ ಮೂರನೆಯದು ಕೇಳಿದ್ದಕ್ಕೆ, "ನಾಳೆ ಅಂದ್ನಲ್ಲ ಅತ್ತೆ" ಎಂದು ಪುಸ್ತಕ ಎತ್ತಿಕೊಂಡು ಹೋದಳು. ಹೆಣ್ಣುಮಕ್ಕಳಿಗೆ ಇಷ್ಟು ಕಟ್ಟುನಿಟ್ಟು ಒಳ್ಳೆಯದಲ್ಲ ಎಂದು ತಮ್ಮನಿಗೆ ಕಾಗದ ಬರೆಯಬೇಕೆಂದಿದ್ದೇನೆ. ಬರೆದರೆ ಅವನು ಇವಳನ್ನು ಕರೆದುಕೊಂಡು ಹೋಗಿಬಿಡುತ್ತಾನೆ; ಆಮೇಲೆ ಕಥೆಯ ಹುಡುಗಿ ಮನೆ ಸೇರಿದಳೋ ಇಲ್ಲವೋ ನನಗೆ ಯಾರು ಹೇಳುತ್ತಾರೆ?