ನಮುಬಿರು ಮುಳುಗಿದ ಸಿನಿಮಾ

ಕಿಗೊಂಗೊ ಬುಧವಾರ ಮಧ್ಯಾಹ್ನ ತೀರಿಕೊಂಡ. ಹೃದಯ ನಿಂತುಹೋಯಿತು. ಐವತ್ತೊಂದು ವರ್ಷ. ಕಟ್ವೆ ಬಡಾವಣೆಯ ತಗಡಿನ ವಿಡಿಯೊ ಹಾಲ್‌ನಲ್ಲಿ ಇಪ್ಪತ್ತು ವರ್ಷ ಮೈಕ್ ಹಿಡಿದು, ಪರದೇಶದ ಸಿನಿಮಾಗಳ ಮಾತನ್ನೆಲ್ಲ ಲುಗಾಂಡಾ ಭಾಷೆಯಲ್ಲಿ ಹೇಳಿದವನು. ಪಾತ್ರಗಳಿಗೆ ಬೀದಿಯವರ ಹೆಸರನ್ನೇ ಇಡುತ್ತಿದ್ದ.

ಅವನ ಗೆಳೆಯ ಸೆಬಾನಾ ಮೇಷ್ಟ್ರಿಗೆ ಅಳು ಒತ್ತರಿಸಿದಾಗಲೆಲ್ಲ ಆ ವಿಮಾನದ ಸಿನಿಮಾ ನೆನಪಾಗಿ ನಗು ಬಂದುಬಿಡುತ್ತದೆ.

ಮೇಷ್ಟ್ರ ಹೆಂಡತಿ ನಮುಬಿರು ಅದೇ ಬುಧವಾರ ಬೆಳಿಗ್ಗೆ ಮೊದಲ ಸಲ ವಿಮಾನ ಹತ್ತಬೇಕಿತ್ತು. ಜೋಹಾನ್ಸ್‌ಬರ್ಗ್‌ನಲ್ಲಿದ್ದ ಅಕ್ಕನಿಗೆ ಕಾಯಿಲೆ. ಒಡಹುಟ್ಟಿದವರು ಮುಖ ನೋಡಿ ಹನ್ನೊಂದು ವರ್ಷ. ಆದರೆ ನಮುಬಿರುಗೆ ವಿಮಾನವೆಂದರೆ ಜೀವ ಹೋಗುವಷ್ಟು ಹೆದರಿಕೆ. "ಒಂದೇ ಮಧ್ಯಾಹ್ನದಲ್ಲಿ ನಿನ್ನ ಭಯ ಬಿಡಿಸ್ತೀನಿ ನೋಡು" ಎಂದು ಎದೆಯುಬ್ಬಿಸಿ ಮೇಷ್ಟ್ರು ಶನಿವಾರ ಗೆಳೆಯನ ಬಳಿ ಹೋದರು.

"ವಿಮಾನ ಬೀಳೋ ಸಿನಿಮಾಗಳಲ್ಲಿ ಯಾವುದು ಚೆನ್ನಾಗಿದೆ?"

"ರೆಕ್ಕೆಗೆ ಬೆಂಕಿ ಹತ್ತೋದಿದೆ. ಪೈಲಟ್ ಮೂರ್ಛೆ ಹೋಗೋದಿದೆ. ಸಮುದ್ರಕ್ಕೆ ಇಳಿಯೋದು ನಿನ್ನೆ ಬಂತು, ನಾನಿನ್ನೂ ನೋಡಿಲ್ಲ ಮೇಷ್ಟ್ರೇ. ಎಲ್ಲರೂ ಬದುಕ್ತಾರಂತೆ."

"ಅದನ್ನೇ ಹಾಕು. ನಾಯಕಿಗೆ ನಮ್ಮವಳ ಹೆಸರಿಡು."

ಮೊದಲ ದೃಶ್ಯದಲ್ಲಿ ಕೆಂಪು ಕೋಟಿನ ಹೆಂಗಸೊಬ್ಬಳು ಕಿಟಕಿ ಪಕ್ಕ ಕೂತಳು. "ಇವಳೇ ನಮುಬಿರು" ಎಂದ ಕಿಗೊಂಗೊ. ಹಾಲ್ ಚಪ್ಪಾಳೆ ತಟ್ಟಿತು. ನಲವತ್ತನೇ ನಿಮಿಷಕ್ಕೆ ವಿಮಾನ ನೀರಿಗೆ ಬಿತ್ತು. ಎಲ್ಲರೂ ಬದುಕಿದರು, ಕೆಂಪು ಕೋಟಿನವಳು ಮಾತ್ರ ಮುಳುಗಿದಳು. ಮೈಕಿನಲ್ಲಿ ಇಟ್ಟ ಹೆಸರನ್ನು ಹಿಂತೆಗೆದುಕೊಳ್ಳುವುದು ಆ ಕಸುಬಿನಲ್ಲಿ ಮಾನಗೇಡು.

"ಅವಳು... ಉಸಿರು ಹಿಡಿದಿದ್ದಾಳೆ."

"ಎಷ್ಟು ಹೊತ್ತು?" ಹಿಂದಿನ ಬೆಂಚಿನವರು ಕೇಳಿದರು.

"ಸರೋವರದ ದಂಡೇಲಿ ಬೆಳೆದವಳು. ಅಭ್ಯಾಸ ಇದೆ."

ಪರದೆಯ ಮೇಲೆ ಶವಪೆಟ್ಟಿಗೆ ಬಂತು.

"ಇದು ಅವಳ ಸೂಟ್‌ಕೇಸು."

ಗಂಡನ ಪಕ್ಕ ಕೂತಿದ್ದ ನಮುಬಿರು ಎದ್ದು ಮನೆಗೆ ನಡೆದಳು. "ವಿಮಾನದ ಟಿಕೆಟ್ ವಾಪಸ್ ಕೊಡಿ. ಇಡೀ ಕಟ್ವೆ ಎದುರಿಗೆ ನನ್ನನ್ನ ಹೂಳಿಸಿದ್ರಲ್ಲ, ಸಾಕು." ಭಾನುವಾರ ಮಾರುಕಟ್ಟೆಯಲ್ಲಿ ಬಾಳೆಕಾಯಿ ಮಾರುವವಳು, ಹೆಂಡತಿ ತೀರಿಕೊಂಡಳಂತಲ್ಲ ಎಂದು ಮೇಷ್ಟ್ರ ಕೈಹಿಡಿದು ಸಮಾಧಾನ ಹೇಳಿದಳು.

ಮಂಗಳವಾರ ಕಿಗೊಂಗೊ ಮನೆಗೆ ಬಂದವನೇ ನಮುಬಿರು ಎದುರು ಮೊಣಕಾಲೂರಿದ. ಹೆಂಗಸರು ಗಂಡಸರಿಗೆ ಮೊಣಕಾಲೂರಿ ವಂದಿಸುವ ಊರು ಅದು.

"ಏಳಣ್ಣ, ಯಾರಾದ್ರೂ ನೋಡಿದ್ರೆ ಏನಂದಾರು."

"ಅಂದುಕೊಳ್ಳಲಿ ತಂಗಿ. ನಿನ್ನೆ ಮೈಕಿನಲ್ಲೇ ನಿನ್ನ ಹೆಸರು ವಾಪಸ್ ತಗೊಂಡೆ. ಹಾಲೆಲ್ಲ ನಕ್ಕಿತು. ಮುಳುಗಿದವಳು ಯಾರೋ ಪರದೇಶದವಳು. ನಿನಗೆ ಕಾಯ್ತಾ ಇರೋದು ನಿನ್ನಕ್ಕ."

ನಮುಬಿರು ಒಳಗೆ ಹೋಗಿ ಪ್ರಯಾಣದ ಬಟ್ಟೆ ಮಡಿಸತೊಡಗಿದಳು.

ಬುಧವಾರ ಬೆಳಿಗ್ಗೆ ಎಂಟೆಬೆಯ ವಿಮಾನ ನಿಲ್ದಾಣದ ಬೇಲಿಯ ಬಳಿ ಗೆಳೆಯರಿಬ್ಬರೂ ನಿಂತಿದ್ದರು. ವಿಮಾನ ಓಡತೊಡಗಿದ್ದೇ ಮೇಷ್ಟ್ರು ತಂತಿ ಹಿಡಿದು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಕಿಗೊಂಗೊ ನಗಲಿಲ್ಲ. ಅವರ ಕಿವಿಯ ಬಳಿ ಬಾಗಿ ಮೆಲ್ಲಗೆ ಹೇಳತೊಡಗಿದ: "ಬೆಲ್ಟ್ ಕಟ್ಟಿಕೊಂಡಳು. ನೆಲ ಬಿಟ್ಟರು. ಸರೋವರ ದಾಟಿದರು. ಚಹಾ ಕೊಟ್ಟರು. ಸಕ್ಕರೆ ಸಾಲದು ಅಂತ ಬೈತಿದ್ದಾಳೆ."

ಆಕಾಶ ಖಾಲಿಯಾಗಿ ಆಗಲೇ ಹೊತ್ತಾಗಿತ್ತು. ಮೇಷ್ಟ್ರು ಕಣ್ಣು ತೆರೆಯುವವರೆಗೂ ಅವನು ಹೇಳುತ್ತಲೇ ಇದ್ದ.